ಯಾಕೆ ಸತ್ತೆ ಅಂತ ಗೊತ್ತಾಗಬೇಕು

ಬೆಳಗಾವಿಯ ಟಿಳಕವಾಡಿಯಲ್ಲಿ ನಾವು ಮೊಬೈಲ್ ಗೇಮ್ ಮಾಡುತ್ತೇವೆ. ಹೊಸ ಲೆವೆಲ್ ಸಿದ್ಧವಾದಾಗಲೆಲ್ಲ ಕಾಲೇಜು ಹುಡುಗರನ್ನು ಕರೆದು ಆಡಿಸುತ್ತೇವೆ. ಅವರ ಬಾಯಲ್ಲಿ ಪದೇ ಪದೇ ಬರುವ ಮಾತು: "ಸರ್, ಭಾಳ ಟಫ್ ಐತಿ, ಪಕ್ಕಾ ಹಾರ್ಡ್‌ಕೋರ್." ನನ್ನ ತಕರಾರು ಇರುವುದೇ ಇಲ್ಲಿ. ಹಾರ್ಡ್‌ಕೋರ್ ಅಂದರೆ ಪಟ್ಟು ಹಿಡಿದು ಆಡಿ ಪಳಗಬೇಕಾದ ಗೇಮ್. ಕಷ್ಟ ಇದ್ದ ಮಾತ್ರಕ್ಕೆ ಗೇಮ್ ಹಾರ್ಡ್‌ಕೋರ್ ಆಗುವುದಿಲ್ಲ.

2012ರಲ್ಲಿ ಬಂದ ಕ್ಯಾಂಡಿ ಕ್ರಶ್ ಸಾಗಾ ನೋಡಿ. ಒಂದೇ ಲೆವೆಲ್‌ನಲ್ಲಿ ವಾರಗಟ್ಟಲೆ ಸಿಕ್ಕಿಕೊಂಡವರು ನಿಮ್ಮ ಮನೆಯಲ್ಲೇ ಇರಬಹುದು. ಆದರೂ ಅದು ಕ್ಯಾಶುವಲ್, ಅಂದರೆ ಬಿಡುವಿದ್ದಾಗ ಹಗುರವಾಗಿ ಆಡುವ ಗೇಮ್. ಮೇಲಿಂದ ಯಾವ ಬಣ್ಣದ ಮಿಠಾಯಿ ಬೀಳುತ್ತದೆ ಅನ್ನುವುದರಲ್ಲಿ ಅದೃಷ್ಟದ ಪಾಲು ಜಾಸ್ತಿ. ಸೋತರೆ ಒಂದು ಲೈಫ್ ಹೋಗುತ್ತದೆ, ಅರ್ಧ ಗಂಟೆ ಕಾದರೆ ವಾಪಸ್ ಬರುತ್ತದೆ. ಬಸ್ ಬಂತಾ, ಫೋನ್ ಜೇಬಿಗೆ ಹಾಕಿ ಹತ್ತಬಹುದು. ಇದು ಆ ಗೇಮಿನ ಗುಣ, ದೋಷ ಅಲ್ಲ.

ಈಗ 2011ರ ಡಾರ್ಕ್ ಸೋಲ್ಸ್‌ಗೆ ಬನ್ನಿ. ಶತ್ರುಗಳನ್ನು ಕೊಂದರೆ ಸಿಗುವ ಸೋಲ್‌ಗಳೇ ಅಲ್ಲಿನ ದುಡ್ಡು. ಪಾತ್ರದ ಲೆವೆಲ್, ಅಂದರೆ ಬಲ, ಏರಲೂ ಅವೇ ಬೇಕು. ಸತ್ತರೆ ಅಷ್ಟೂ ಸತ್ತ ಜಾಗದಲ್ಲೇ ಉಳಿಯುತ್ತವೆ. ನೀವು ಹಿಂದೆ ತಂಗಿದ್ದ ಬಾನ್‌ಫೈರ್, ಅಂದರೆ ಬೆಂಕಿ ಉರಿಯುವ ತಂಗುದಾಣದ ಹತ್ತಿರ ಏಳುತ್ತೀರಿ. ನೀವು ಕೊಂದವರಲ್ಲಿ ಹೆಚ್ಚಿನವರೂ ಮತ್ತೆ ಎದ್ದು ನಿಂತಿರುತ್ತಾರೆ. ಅಲ್ಲಿಗೆ ಹೋಗಿ ಸೋಲ್‌ಗಳನ್ನು ಎತ್ತಿಕೊಳ್ಳಲು ಒಂದೇ ಅವಕಾಶ. ದಾರಿಯಲ್ಲಿ ಮತ್ತೆ ಸತ್ತರೆ ಹೋಯಿತು. ಈ ಭಯಕ್ಕೆ ಆಟಗಾರ ಕಣ್ಣು ತೆರೆದು ನೋಡಲು ಶುರುಮಾಡುತ್ತಾನೆ. ಶತ್ರು ಕತ್ತಿ ಎಷ್ಟು ಹಿಂದಕ್ಕೆ ಎತ್ತಿದ, ಹೊಡೆತ ಯಾವ ಕಡೆಯಿಂದ ಬರುತ್ತದೆ, ಯಾವಾಗ ಉರುಳಬೇಕು. ಮೊದಲ ಸಲ ಬೆವರಿಳಿಸಿದ ದಾರಿಯನ್ನು ಆಮೇಲೆ ಓಡುತ್ತಲೇ ದಾಟುತ್ತಾನೆ. ಅಷ್ಟರಲ್ಲಿ ಪಾತ್ರದ ಲೆವೆಲ್ ಏರದೇ ಇರಬಹುದು. ಆದರೆ ಆಡುವವನ ಕೈ ಪಳಗಿರುತ್ತದೆ.

ಸೋಲಿಗೆ ಬೆಲೆ ಬೇಕು, ಆ ಬೆಲೆಗೆ ತಕ್ಕ ಪಾಠವೂ ಸಿಗಬೇಕು. ಪಾಠ ಇಲ್ಲದೆ ಬರೀ ಬೆಲೆ ಇಟ್ಟರೆ ಅದು ಹಿಂಸೆ. ಗರಡಿಯಲ್ಲಿ ಚಿತ್ ಆದ ಹುಡುಗನಿಗೆ ತಾನು ಯಾವ ಪಟ್ಟಿಗೆ ಬಿದ್ದೆ ಅಂತ ಗೊತ್ತಿರುತ್ತದಲ್ವಾ, ಹಾಗೆ. ಅದಕ್ಕೇ ನಮ್ಮಲ್ಲಿ ಆಡುವವರು ಸತ್ತ ತಕ್ಷಣ "ಯಾಕ ಸತ್ತಿ?" ಅಂತ ಕೇಳುತ್ತೇವೆ. "ಲಗೂ ಜಿಗಿದೆ ಸರ್" ಅಂದರೆ ಲೆವೆಲ್ ಸರಿ ಇದೆ. "ಗೊತ್ತಿಲ್ಲ ಸರ್, ಸುಮ್ನೆ ಸತ್ತೆ" ಅಂದರೆ ಕೆಲಸ ಬಾಕಿ ಇದೆ. ಎಷ್ಟೋ ಸಲ ಕಾರಣ ಬೆರಳು ಒತ್ತಿದ್ದಕ್ಕೂ ತೆರೆಯ ಮೇಲೆ ಕಾಣುವುದಕ್ಕೂ ನಡುವಿನ ತಡದಲ್ಲೇ ಇರುತ್ತದೆ. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ ಓಡುವ ಗೇಮ್‌ನಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಬೆರಳು ಒತ್ತಿ ಏಳೆಂಟು ಫ್ರೇಮ್ ಆದಮೇಲೆ ಪಾತ್ರ ಜಿಗಿದರೆ ಆಡುವವನ ಲೆಕ್ಕವೆಲ್ಲ ತಪ್ಪುತ್ತದೆ. ಅಂಥ ಗೇಮ್‌ನಲ್ಲಿ ಎಷ್ಟು ಸತ್ತರೂ ಏನೂ ಕಲಿಯಲಾಗುವುದಿಲ್ಲ.

ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಮಾತ್ರ ಕ್ಯಾಶುವಲ್, ಹಾರ್ಡ್‌ಕೋರ್ ಎರಡೂ ಕಡೆ ಸಲ್ಲುತ್ತದೆ. 1984ರಲ್ಲಿ ಅಲೆಕ್ಸಿ ಪಜಿತ್ನೊವ್ ಮಾಡಿದ್ದು. ಅಜ್ಜಿಗೂ ಎರಡು ನಿಮಿಷದಲ್ಲಿ ಹೇಳಿಕೊಡಬಹುದು. ಅದರದೇ ನಿಂಟೆಂಡೊ ಆವೃತ್ತಿಯಲ್ಲಿ 29ನೇ ಲೆವೆಲ್ಲೇ ಕೊನೆ ಅಂತ ಜನ ಬಹಳ ವರ್ಷ ನಂಬಿದ್ದರು. ತುಂಡುಗಳು ಬೀಳುವ ವೇಗಕ್ಕೆ ಬಟನ್ ಒತ್ತಿ ಹಿಡಿದರೆ ಸಾಲುತ್ತಿರಲಿಲ್ಲ. ಆಮೇಲೆ ಕಂಟ್ರೋಲರ್‌ನ ಬೆನ್ನನ್ನು ಬೆರಳುಗಳಿಂದ ಸಾಲಾಗಿ ತಟ್ಟುವ ರೋಲಿಂಗ್ ಅನ್ನುವ ಕೈಚಳಕ ಬಂತು. 2023ರ ಡಿಸೆಂಬರ್‌ನಲ್ಲಿ ಅಮೆರಿಕದ 13 ವರ್ಷದ ವಿಲ್ಲಿಸ್ ಗಿಬ್ಸನ್ 157ನೇ ಲೆವೆಲ್ ತಲುಪಿದಾಗ ಗೇಮೇ ಸ್ತಬ್ಧವಾಯಿತು. ನಿಯಮಗಳು ಅಜ್ಜಿಗೆ ಹೇಳಿಕೊಟ್ಟವೇ. ಎಷ್ಟು ಕಲಿತರೂ ಇನ್ನೂ ಕಲಿಯಲು ಉಳಿದಿತ್ತು, ನನಗೆ ಅದೇ ದೊಡ್ಡದು.

ಫೋನ್ ಗೇಮ್ ಅಂದರೆ ಕ್ಯಾಶುವಲ್, ಪಿಸಿ ಗೇಮ್ ಅಂದರೆ ಹಾರ್ಡ್‌ಕೋರ್ ಅನ್ನುವ ವಾದವನ್ನೂ ನಾನು ಒಪ್ಪುವುದಿಲ್ಲ. ನಮ್ಮ ಕಡೆ ಹೆಚ್ಚಿನ ಹುಡುಗರ ಕೈಯಲ್ಲಿರುವುದು ಫೋನೇ. ಬಿಜಿಎಂಐ ಅನ್ನುವ ಶೂಟಿಂಗ್ ಗೇಮ್‌ನಲ್ಲಿ ಗುಂಡು ಹಾರಿಸುವಾಗ ಗನ್ ಮೇಲಕ್ಕೆ ಎಗರುತ್ತದೆ. ಅದನ್ನು ಜೈರೊಸ್ಕೋಪ್‌ನಿಂದ, ಅಂದರೆ ಫೋನನ್ನೇ ಕೂದಲೆಳೆಯಷ್ಟು ಬಾಗಿಸಿ ಹಿಡಿತಕ್ಕೆ ತರುವ ಹುಡುಗರಿದ್ದಾರೆ. ಅದು ತಿಂಗಳುಗಟ್ಟಲೆ ಅಭ್ಯಾಸದಿಂದ ಬಂದ ವಿದ್ಯೆ.

ಗೇಮ್ ಮಾಡಲು ಹೊರಟವರಿಗೆ ಒಂದು ಮಾತು. ಹಾರ್ಡ್‌ಕೋರ್ ಮಾಡುತ್ತೇನೆ ಅಂತ ಶತ್ರುವಿನ ಹೆಲ್ತ್, ಅಂದರೆ ಹೊಡೆತ ತಾಳುವ ಶಕ್ತಿ, ಡಬಲ್ ಮಾಡಬೇಡಿ. ಅದರಿಂದ ಹೊಡೆದಾಟ ಉದ್ದವಾಗುತ್ತದೆ, ಅಷ್ಟೇ. ಅವನಿಗೆ ಹೊಸದೊಂದು ಹೊಡೆತ ಕೊಡಿ. ಹೊಡೆಯುವ ಮುಂಚಿನ ಸೂಚನೆ ಚಿಕ್ಕದಿರಲಿ, ಆದರೆ ಕಣ್ಣಿಗೆ ಬೀಳುವಂತಿರಲಿ. ಆಮೇಲೆ ನಿಮ್ಮ ಗೇಮ್ ಒಮ್ಮೆಯೂ ನೋಡದವರ ಕೈಗೆ ಫೋನ್ ಕೊಡಿ, ಪಕ್ಕದಲ್ಲಿ ಕೂತು ಬಾಯಿ ಬಿಡದೆ ನೋಡಿ.