ಇನ್‌ಸೈಡರ್ ಟ್ರೇಡಿಂಗ್: ಶಿಕ್ಷೆಯನ್ನು ಯಾವುದರಿಂದ ಅಳೆಯುವುದು?

ಇನ್‌ಸೈಡರ್ ಟ್ರೇಡಿಂಗ್ ಅಂದರೆ ಕಂಪನಿಯ ಒಳಗುಟ್ಟು ಗೊತ್ತಿದ್ದು ಅದರ ಷೇರು ಕೊಳ್ಳುವುದು, ಮಾರುವುದು, ಇಲ್ಲವೇ ಆ ಗುಟ್ಟನ್ನು ಬೇರೆಯವರಿಗೆ ದಾಟಿಸುವುದು. ಮೊನ್ನೆ ಚಿಕ್ಕಮಗಳೂರಿನಲ್ಲಿ ಇದನ್ನು ಒಟ್ಟಿಗೆ ಓದಲು ಕೂತಾಗ ನಾವೆಲ್ಲ ಎಡವಿದ್ದು ಒಂದೇ ಕಡೆ. ಷೇರು ಮಾರುಕಟ್ಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿ ಹಾಕುವ ದಂಡ ಬೇರೆ, ಕೋರ್ಟ್ ಕೊಡುವ ಶಿಕ್ಷೆ ಬೇರೆ. ಮೊದಲು ಅದನ್ನು ಬಿಡಿಸಿಕೊಳ್ಳೋಣ.

1992ರ ಸೆಬಿ ಕಾಯ್ದೆಯ ಕಲಂ 15ಜಿ ಹಣದ ದಂಡದ್ದು. ಕನಿಷ್ಠ 10 ಲಕ್ಷ ರೂಪಾಯಿ. ಗರಿಷ್ಠ 25 ಕೋಟಿ ಅಥವಾ ಮಾಡಿದ ಲಾಭದ ಮೂರು ಪಟ್ಟು, ಯಾವುದು ಜಾಸ್ತಿಯೋ ಅದು. ಕಲಂ 24 ಕ್ರಿಮಿನಲ್ ಕೇಸಿನದು: 10 ವರ್ಷದವರೆಗೆ ಜೈಲು, ಇಲ್ಲವೇ 25 ಕೋಟಿವರೆಗೆ ದಂಡ, ಇಲ್ಲವೇ ಎರಡೂ. 2002ರ ತಿದ್ದುಪಡಿಗೆ ಮುಂಚೆ ಜೈಲು ಒಂದು ವರ್ಷದವರೆಗೆ ಮಾತ್ರ ಇತ್ತು. ಕಲಂ 26 ಮರೀಬೇಡಿ: ಸೆಬಿ ದೂರು ಕೊಡದೆ ಕೋರ್ಟ್ ಕೇಸು ಕೈಗೆತ್ತಿಕೊಳ್ಳುವಂತಿಲ್ಲ.

‘10 ವರ್ಷದವರೆಗೆ’ ಅಂದಲ್ಲಿ ‘ವರೆಗೆ’ ಕೆಳಗೆ ಗೆರೆ ಎಳೆಯಿರಿ. ಈ ಅಪರಾಧಕ್ಕೆ ಕನಿಷ್ಠ ಇಷ್ಟು ಜೈಲು ಅಂತ ಇಲ್ಲ. ಹಾಗಾದರೆ ಜಡ್ಜ್ ಏನನ್ನು ನೋಡಿ ಅಳೆಯಬೇಕು?

ನಮ್ಮ ಕಡೆಯ ಕಾಫಿ ತೋಟದ ಒಬ್ಬ ರೈಟರ್ (ಲೆಕ್ಕ ಬರೆಯುವವ) ಅಂದುಕೊಳ್ಳಿ. ಗೋಡೌನ್ ಬೀಗದ ಕೈ ಅವನ ಹತ್ತಿರ. ಒಂದು ರಾತ್ರಿ ಅದನ್ನು ಗೆಳೆಯನಿಗೆ ಕೊಡುತ್ತಾನೆ. ಗೆಳೆಯ ಮೂಟೆಗಳನ್ನು ಸಾಗಿಸುತ್ತಾನೆ. ರೈಟರ್‌ಗೆ ಒಂದು ಬೀಜವೂ ಸಿಗುವುದಿಲ್ಲ. ಅವನ ತಪ್ಪಿಗೆ ಮೂಟೆ ಲೆಕ್ಕ ಹಾಕೋಣವೋ, ಬೀಗದ ಕೈ ಕೊಟ್ಟದ್ದನ್ನು ನೋಡೋಣವೋ?

ಅಮೆರಿಕದ ರಜತ್ ಗುಪ್ತಾ ಕೇಸು ಇದೇ ಪ್ರಶ್ನೆ. 2008ರ ಸೆಪ್ಟೆಂಬರ್ 23. ಗುಪ್ತಾ ನಿರ್ದೇಶಕರಾಗಿದ್ದ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನ ಬೋರ್ಡ್ ಸಭೆ ಫೋನಿನಲ್ಲೇ ನಡೆಯಿತು. ವಾರೆನ್ ಬಫೆಟ್ ಅವರ ಬರ್ಕ್‌ಶೈರ್ ಹ್ಯಾಥವೇ ಕಂಪನಿ ಗೋಲ್ಡ್‌ಮನ್‌ಗೆ 500 ಕೋಟಿ ಡಾಲರ್ ಹಾಕುತ್ತದೆ ಎಂಬುದು ಗುಟ್ಟು. ಫೋನ್ ಇಟ್ಟ ಒಂದು ನಿಮಿಷದೊಳಗೆ ಗುಪ್ತಾ ಅವರಿಂದ ಗೆಳೆಯ, ಹೂಡಿಕೆ ಫಂಡ್ ನಡೆಸುತ್ತಿದ್ದ ರಾಜ್ ರಾಜರತ್ನಂಗೆ ಕರೆ ಹೋಯಿತು. ಮಾರುಕಟ್ಟೆ ಮುಚ್ಚುವ ಮುಂಚೆ ರಾಜರತ್ನಂ ಫಂಡ್ ಷೇರು ಕೊಂಡಿತು.

ಅಲ್ಲಿನ ಶಿಕ್ಷೆ ಗೈಡ್‌ಲೈನ್ ಮುಖ್ಯವಾಗಿ ಲಾಭದ ಮೊತ್ತವನ್ನೇ ಎಣಿಸುತ್ತದೆ. ಆ ಲೆಕ್ಕದಲ್ಲಿ ಕನಿಷ್ಠ 78 ತಿಂಗಳು ಬರುತ್ತಿತ್ತು. ಜಡ್ಜ್ ಜೆಡ್ ರೇಕಾಫ್ ಅದನ್ನು ಒಪ್ಪಲಿಲ್ಲ. ಇಲ್ಲಿ ಅಸಲು ತಪ್ಪು ನಂಬಿಕೆದ್ರೋಹ ಎಂದರು. 2012ರಲ್ಲಿ ಎರಡು ವರ್ಷ ಜೈಲು, 50 ಲಕ್ಷ ಡಾಲರ್ ದಂಡ ಕೊಟ್ಟರು. ರಾಜರತ್ನಂಗೆ ಹಿಂದಿನ ವರ್ಷವೇ 11 ವರ್ಷ ಆಗಿತ್ತು.

ಅಳತೆಗೋಲು ಸರಿ, ಆದರೆ ಅಳತೆ ಕಮ್ಮಿಯಾಯಿತು ಅಂತ ನನಗೆ ಅನ್ನಿಸುತ್ತದೆ. ದ್ರೋಹವೇ ಮುಖ್ಯ ಅಂದಮೇಲೆ, ಎಷ್ಟು ದೊಡ್ಡ ಗೋಡೌನಿನ ಬೀಗದ ಕೈ ಅದು ಅನ್ನುವುದೂ ಲೆಕ್ಕಕ್ಕೆ ಬರಬೇಕಲ್ವಾ?