ಡ್ಯಾಂಡೆಲಿಯನ್: ಕಹಿ ಸೊಪ್ಪು, ಗಟ್ಟಿ ಬೇರು

ಡ್ಯಾಂಡೆಲಿಯನ್ ಎಲೆಯನ್ನು ಮುರಿದರೆ ಬಿಳಿ ಹಾಲು ಒಸರುತ್ತದೆ. ಅದು ತುಂಬಾ ಕಹಿ. ಹುಲ್ಲುಹಾಸಿನ ಕಳೆ ಎಂದು ಜನ ಕಿತ್ತೆಸೆಯುವ ಈ ಗಿಡವನ್ನು ಬೆಳೆದು ತಿನ್ನಬೇಕು ಅನ್ನುವವರು ಮೊದಲು ತಿಳಿಯಬೇಕಾದದ್ದು ಈ ಕಹಿಯನ್ನೇ. ಎಲೆ ಯಾವಾಗ ಕೊಯ್ಯಬೇಕು, ಹೇಗೆ ಬೇಯಿಸಬೇಕು ಎಂಬುದೆಲ್ಲ ಅದರ ಮೇಲೆಯೇ ನಿಂತಿದೆ.

ಗಿಡಕ್ಕೆ ಕಹಿ ಏಕೆ ಬೇಕು? ತಿನ್ನಲು ಬರುವವರನ್ನು ದೂರವಿಡಲು. ಹಾಲು ಬೇರಿನಲ್ಲೇ ಜಾಸ್ತಿ. 2016ರಲ್ಲಿ ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಒಂದು ಚಂದದ ಪ್ರಯೋಗವನ್ನು ಪ್ರಕಟಿಸಿದರು. ಬೇರಿನ ಹಾಲಿನಲ್ಲಿರುವ ಒಂದು ಕಹಿ ರಾಸಾಯನಿಕವನ್ನು ತಿಂದ ಗೊಣ್ಣೆ ಹುಳುಗಳು ಸರಿಯಾಗಿ ಬೆಳೆಯಲಿಲ್ಲ. ಆ ರಾಸಾಯನಿಕ ತಯಾರಾಗದಂತೆ ಗಿಡವನ್ನು ಬದಲಿಸಿದಾಗ, ಅದೇ ಹುಳುಗಳು ಬೇರಿನತ್ತ ಹೆಚ್ಚು ಬಂದವು. ನಮ್ಮ ನಾಲಿಗೆಗೆ ತಾಗುವ ಕಹಿ ಮಣ್ಣಿನೊಳಗೆ ನಡೆಯುವ ಹೋರಾಟದ್ದು!

ಬೆಳೆಯುವುದು ಸುಲಭ. ಬೀಜ ಮೊಳೆಯಲು ಬೆಳಕು ಬೇಕು, ಹಾಗಾಗಿ ಆಳಕ್ಕೆ ಹೂಳಬಾರದು. ಮಣ್ಣಿನ ಮೇಲೆ ಉದುರಿಸಿ, ಮೆಲ್ಲಗೆ ಒತ್ತಿ, ತೇವ ಆರದಂತೆ ನೋಡಿಕೊಂಡರೆ ಸಾಕು. ತಂಪು ಹವೆ ಇದಕ್ಕೆ ಇಷ್ಟ. ತಾಯಿಬೇರು ನೇರ ಕೆಳಗಿಳಿಯುವುದರಿಂದ ಕುಂಡವಾದರೆ ಒಂದಡಿಯಾದರೂ ಆಳವಿರಲಿ. ಸಡಿಲ ಮಣ್ಣಿನಲ್ಲಿ ಬೇರು ನೆಟ್ಟಗೆ, ದಪ್ಪಗೆ ಬರುತ್ತದೆ. ಅಗೆಯುವಾಗ ಬೇರಿನ ತುಂಡೊಂದು ಉಳಿದರೂ ಮತ್ತೆ ಚಿಗುರುತ್ತದೆ, ಇದು ನೆನಪಿರಲಿ.

ಬೀಜದ ವಿಷಯದಲ್ಲೂ ಎಚ್ಚರ ಬೇಕು. ಅನೇಕ ಡ್ಯಾಂಡೆಲಿಯನ್‌ಗಳು ಪರಾಗಸ್ಪರ್ಶವೇ ಇಲ್ಲದೆ ಬೀಜ ಕಟ್ಟುತ್ತವೆ. ಹುಟ್ಟುವ ಮರಿ ಗಿಡ ತಾಯಿಯ ಪಡಿಯಚ್ಚು. ಬೀಜದ ತಲೆಯ ಮೇಲಿನ ಬಿಳಿ ಕೂದಲಿನ ಕುಚ್ಚು ಅದನ್ನು ಗಾಳಿಯಲ್ಲಿ ತೇಲಿಸುತ್ತದೆ. ಕೂದಲುಗಳ ನಡುವೆ ನುಸುಳಿದ ಗಾಳಿ ಕುಚ್ಚಿನ ಮೇಲ್ಗಡೆ ಉಂಗುರದಂಥ ಸುಳಿಯಾಗಿ ನಿಲ್ಲುತ್ತದೆ, ಆ ಸುಳಿ ಬೀಜ ಬೀಳುವುದನ್ನು ನಿಧಾನಗೊಳಿಸುತ್ತದೆ ಎಂದು 2018ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ತಂಡ ತೋರಿಸಿತು. ಇಷ್ಟು ಚೆನ್ನಾಗಿ ಹಾರುವ ಬೀಜ ಅಕ್ಕಪಕ್ಕದವರ ಪಾತಿಗೂ ಹೋಗುತ್ತದೆ ಅಲ್ವಾ? ಹೂ ಬಾಡುವ ಮೊದಲೇ ಕೊಯ್ದುಬಿಡಿ. ಹಳದಿ ಎಸಳುಗಳನ್ನೂ ತಿನ್ನಬಹುದು, ಅವು ಅಷ್ಟು ಕಹಿಯಿಲ್ಲ. ಆದರೆ ಜೇನುನೊಣಗಳಿಗೂ ಒಂದಷ್ಟು ಹೂ ಉಳಿಸಿ. ಚಳಿ ಮುಗಿಯುತ್ತಿದ್ದಂತೆ ಬೇರೆ ಹೂಗಳು ಕಡಿಮೆ ಇರುವಾಗ ಅವುಗಳಿಗೆ ಇದೇ ಆಸರೆ.

ಎಲೆಯನ್ನು ಹೂ ಬರುವ ಮೊದಲು, ಎಳೆಯದಾಗಿದ್ದಾಗ ಕೊಯ್ಯುವುದೇ ಸರಿ. ಆಮೇಲೆ ಕಹಿ ಏರುತ್ತದೆ. ಇನ್ನೂ ಮೆದು ಸೊಪ್ಪು ಬೇಕೆಂದರೆ ಗಿಡದ ಮೇಲೆ ಬೆಳಕು ತೂರದ ಕುಂಡವನ್ನು ವಾರದಿಂದ ಹತ್ತು ದಿನ ಬೋರಲು ಹಾಕಿಡಿ. ಕತ್ತಲಲ್ಲಿ ಬೆಳೆದ ಎಲೆ ಬಿಳಿಚಿಕೊಳ್ಳುತ್ತದೆ, ಕಹಿಯೂ ತಗ್ಗುತ್ತದೆ. ಬಲಿತ ಎಲೆಯನ್ನು ಕುದಿಯುವ ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಬಹುದು. ಆದರೆ ನೀರಿನ ಜೊತೆ ವಿಟಮಿನ್ ಸಿಯೂ ಒಂದಷ್ಟು ಹೋಗುತ್ತದೆ. ಸ್ವಲ್ಪ ಕಹಿ ಸಹಿಸಿಕೊಂಡು ಎಳೆ ಎಲೆ ತಿನ್ನುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. 100 ಗ್ರಾಂ ಹಸಿ ಎಲೆಯಲ್ಲಿ ಸುಮಾರು 187 ಮಿಲಿಗ್ರಾಂ ಕ್ಯಾಲ್ಸಿಯಂ, 35 ಮಿಲಿಗ್ರಾಂ ವಿಟಮಿನ್ ಸಿ ಇದೆ. ವಿಟಮಿನ್ ಕೆ ಅಂತೂ ದಿನಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಹೊರಗೆ ಬೆಳೆದದ್ದನ್ನು ಕೊಯ್ಯುವುದಾದರೆ ಗುರುತು ಚೆನ್ನಾಗಿ ತಿಳಿದಿರಬೇಕು. ಟೊಳ್ಳು ದಂಟು, ಅದರಲ್ಲಿ ಎಲೆಯಿಲ್ಲ, ಕವಲಿಲ್ಲ, ತುದಿಯಲ್ಲಿ ಒಂದೇ ಹೂ. ಕವಲೊಡೆದಿದ್ದರೆ ಅದು ಬೇರೆ ಗಿಡ. ರಸ್ತೆ ಬದಿಯದ್ದು, ಕಳೆನಾಶಕ ಸಿಂಪಡಿಸಿದ ಜಾಗದ್ದು ಬೇಡವೇ ಬೇಡ.

ಬೇರಿಗೆ ಎರಡನೇ ವರ್ಷದ ಶರತ್ಕಾಲದವರೆಗೆ ಕಾಯಬೇಕು. ಬೇಸಿಗೆಯಿಡೀ ಎಲೆ ತಯಾರಿಸಿದ ಆಹಾರವನ್ನು ಗಿಡ ಬೇರಿನಲ್ಲಿ ಇನ್ಯುಲಿನ್ ಎಂಬ ನಾರಿನಂಶವಾಗಿ ಕೂಡಿಡುತ್ತದೆ. ಆಗ ಅದು ಬೇರಿನ ಒಣ ತೂಕದ 40%ವರೆಗೂ ಇರಬಹುದು. ವಸಂತದಲ್ಲಿ ಚಿಗುರಲು ಖರ್ಚಾಗಿ ತೀರಾ ಇಳಿದುಬಿಡುತ್ತದೆ. ಬೇರನ್ನು ತೊಳೆದು, ಹೆಚ್ಚಿ, ಒಣಗಿಸಿ ಹುರಿದರೆ ಕಂದು ಬಣ್ಣ, ಸುಟ್ಟ ಸಕ್ಕರೆಯ ಘಮ ಬರುತ್ತದೆ. ಇದರ ಸಂಬಂಧಿಯಾದ ಚಿಕೋರಿಯಂತೆ ಇದನ್ನೂ ಪುಡಿಮಾಡಿ ಕಾಫಿಯ ಬದಲು ಕುಡಿಯುತ್ತಾರೆ. ಕೆಫೀನ್ ಇಲ್ಲ. ಇನ್ಯುಲಿನ್ ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಹಾಗಾಗಿ ಜಾಸ್ತಿಯಾದರೆ ಹೊಟ್ಟೆ ಉಬ್ಬರಿಸುತ್ತದೆ.

ಇನ್ನು ಔಷಧಿಯ ಮಾತು. ಇಲ್ಲಿ ಅಳೆದು ತೂಗಿ ಮಾತಾಡಬೇಕು. ಮೂತ್ರ ಹೆಚ್ಚಿಸಲು, ಅಜೀರ್ಣದ ಸಣ್ಣಪುಟ್ಟ ತೊಂದರೆಗೆ ಇದನ್ನು ಬಹು ಕಾಲದಿಂದ ಬಳಸಿದ್ದಾರೆ. ಯುರೋಪಿಯನ್ ಔಷಧ ಸಂಸ್ಥೆ ಈ ಬಳಕೆಯನ್ನು ಒಪ್ಪಿರುವುದು ಅದು ಹಳೆಯದು ಎಂಬ ಆಧಾರದ ಮೇಲೆ. 2009ರ ಒಂದು ಚಿಕ್ಕ ಅಧ್ಯಯನದಲ್ಲಿ ಎಲೆಯ ಸಾರ ಕುಡಿದ 17 ಜನರಿಗೆ ಕೆಲವು ಗಂಟೆ ಮೂತ್ರಕ್ಕೆ ಹೋಗುವುದು ಹೆಚ್ಚಾಯಿತು. ಅಷ್ಟೇ. ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ. ಯಕೃತ್ತನ್ನು ಶುದ್ಧಿ ಮಾಡುತ್ತದೆ, ಕ್ಯಾನ್ಸರ್ ಗುಣಪಡಿಸುತ್ತದೆ ಎಂದು ಹೇಳುವವರ ಮಾತಿಗೆ ಮನುಷ್ಯರ ಮೇಲಿನ ಪರೀಕ್ಷೆಗಳ ಬೆಂಬಲವಿಲ್ಲ. ರೋಗಿಗೆ ಸುಮ್ನೆ ಆಸೆ ಹುಟ್ಟಿಸುವುದು ತಪ್ಪು.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಎಲೆಯ ವಿಟಮಿನ್ ಕೆ ತೊಂದರೆ ಕೊಡಬಹುದು, ಔಷಧಿಯ ಬಲ ತಗ್ಗುತ್ತದೆ. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಇಲ್ಲವೇ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಪಿತ್ತನಾಳ ಕಟ್ಟಿಕೊಂಡಿದ್ದರೆ ಔಷಧಿಯಾಗಿ ಮುಟ್ಟಲೇಬಾರದು. ಸೇವಂತಿಗೆ ಜಾತಿಯ ಹೂಗಳು ಮೈಗೆ ಆಗದವರಿಗೆ ಇದೂ ಆಗದಿರಬಹುದು, ಏಕೆಂದರೆ ಇದು ಅದೇ ಕುಟುಂಬದ ಗಿಡ.