ಕೊನೆಗೌಡರ ಸರದಿ, ನಮ್ಮ ಕಡತ

ಜುಲೈ ಬಂದರೆ ಶಿರಸಿಯ ನಮ್ಮ ಕಚೇರಿಯ ಬಾಗಿಲಲ್ಲಿ ಒದ್ದೆ ಕೊಡೆಗಳ ಸಾಲು. 11ಕ್ಕೆ ಜಿಎಸ್‌ಟಿ ಮಾರಾಟದ ವಿವರ, 20ಕ್ಕೆ ಜಿಎಸ್‌ಟಿ ಲೆಕ್ಕ ಹಾಕಿ ಕಟ್ಟುವ 3ಬಿ ರಿಟರ್ನ್, 31ಕ್ಕೆ ಆದಾಯ ತೆರಿಗೆ ರಿಟರ್ನ್, ಅದರ ಜೊತೆಗೇ ಮೊದಲ ತ್ರೈಮಾಸಿಕದ ಟಿಡಿಎಸ್, ಅಂದರೆ ಮೂಲದಲ್ಲೇ ಹಿಡಿದ ತೆರಿಗೆಯ ವಿವರ. ತೆರಿಗೆ ಸಲಹೆಗಾರನಾಗಿ ಮೊದಲ ಕೆಲವು ವರ್ಷ ನನಗೆ ಗೊತ್ತಿದ್ದ ಪರಿಹಾರ ಒಂದೇ: ರಾತ್ರಿ ಹನ್ನೊಂದರವರೆಗೆ ಕೂರುವುದು. ಹಾಗೆ ಕೂತ ಒಂದು ವರ್ಷವೇ ಒಬ್ಬರ ರಿಟರ್ನ್ ರಾಶಿಯ ಅಡಿಯಲ್ಲಿ ಉಳಿದುಹೋಯಿತು. ಅವರ ಆದಾಯ 5 ಲಕ್ಷ ದಾಟಿತ್ತು. ವಿಳಂಬ ಶುಲ್ಕದ 5,000 ರೂಪಾಯಿಯನ್ನು ನನ್ನ ಕಿಸೆಯಿಂದ ತುಂಬಿದೆ.

ಆ ಮೇಲೆ ಒಂದು ವಾರ, ಯಾವ ಕಡತವನ್ನು ಎಷ್ಟು ಸಲ ಬಿಚ್ಚಿದೆವೆಂದು ಬರೆದಿಟ್ಟೆ. ಐವತ್ತು ನಿಮಿಷದಲ್ಲಿ ಮುಗಿಯುವ ಒಂದು ಕಡತ ಆರು ಸಲ ಮೇಜಿಗೆ ಬಂದಿತ್ತು. ಒಮ್ಮೆ ಪಾಸ್‌ಬುಕ್ ಇಲ್ಲ. ಇನ್ನೊಮ್ಮೆ ಅವರು ಹೇಳಿದ ಬಡ್ಡಿಗೂ ಇಲಾಖೆಯ ವಿವರಪಟ್ಟಿಯಲ್ಲಿದ್ದ ಬಡ್ಡಿಗೂ ತಾಳೆಯಿಲ್ಲ. ಬಿಚ್ಚಿದಾಗಲೆಲ್ಲ ಮೊದಲಿನಿಂದ ಅರ್ಥ ಮಾಡಿಕೊಳ್ಳಬೇಕು. ನಮ್ಮನ್ನು ದಣಿಸುತ್ತಿದ್ದದ್ದು ಲೆಕ್ಕವಲ್ಲ, ಈ ಎತ್ತಿಡುವಿಕೆ.

ಈಗ ಅರೆಬರೆ ಕಡತ ಮೇಜಿಗೆ ಬರುವುದಿಲ್ಲ. ಎಲ್ಲ ಕಾಗದ ಕೂಡುವವರೆಗೆ ಅದು ಹೊರಗಿನ ಕಪಾಟಿನಲ್ಲಿ. ಅಡಿಕೆ ಮಾರಿದ ಪಟ್ಟಿಯೂ ಬೇಕು. ಕೃಷಿ ಆದಾಯಕ್ಕೆ ತೆರಿಗೆಯಿಲ್ಲವಲ್ಲ ಎಂದು ಮುನಿಸಿಕೊಳ್ಳುವವರಿದ್ದಾರೆ. ಬೇರೆ ಆದಾಯ ವಿನಾಯಿತಿ ಮಿತಿ ಮೀರಿದಾಗ ತೆರಿಗೆಯ ದರ ನಿರ್ಧರಿಸಲು ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಉಳಿದದ್ದನ್ನು ಕಲಿತದ್ದು ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ, ಔಷಧಿ ಹೊಡೆಯುವ ನಮ್ಮ ತೋಟದ ಕೊನೆಗೌಡರಿಂದ. ಮಳೆಗಾಲಕ್ಕೆ ಮುಂಚೆ ಒಮ್ಮೆ ಅಡಿಕೆ ಗೊನೆಗಳಿಗೆ ಬೋರ್ಡೊ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯಬೇಕು, 40–45 ದಿನಕ್ಕೆ ಮಳೆ ಹೊಳವಾದಾಗ ಇನ್ನೊಮ್ಮೆ, ತಪ್ಪಿದರೆ ಕೊಳೆರೋಗ. ಊರಿಗೆಲ್ಲ ಅದೇ ವಾರ ಬೇಕು. ಆದರೂ ದಿನಕ್ಕೆ ಎಷ್ಟು ಮರವೆಂದು ಬಲ್ಲ ಆ ಮನುಷ್ಯ ಯಾರಿಗೂ ‘ನೋಡೋಣ’ ಎನ್ನುವುದಿಲ್ಲ. ‘ಬುಧವಾರ ನಿಮ್ಮದು’ ಎನ್ನುತ್ತಾರೆ. ಮಳೆ ಹಿಡಿದರೆ ಎಲ್ಲರ ಸರದಿಯೂ ಒಂದು ದಿನ ಮುಂದಕ್ಕೆ.

ನಾವು ನಾಲ್ವರು ದಿನಕ್ಕೆ ಹನ್ನೆರಡು ಕಡತ ಮುಗಿಸಬಲ್ಲೆವು. ಅಷ್ಟಕ್ಕೇ ದಿನ ಬರೆದುಕೊಡುತ್ತೇವೆ. ವಾರದಲ್ಲಿ ಒಂದು ದಿನ ಖಾಲಿ; ಜುಲೈಯಲ್ಲಿ ಕರೆಂಟು ಮತ್ತು ಸರ್ವರ್ ಎರಡನ್ನೂ ನಂಬುವಂತಿಲ್ಲ. ‘ಭಟ್ಟರೇ, ಎರಡೇ ನಿಮಿಷದ ಕೆಲಸ’ ಎಂದು ಬರುವವರಿಗೆ ಸಂಜೆ ನಾಲ್ಕರಿಂದ ಐದು. ಎರಡು ನಿಮಿಷದಲ್ಲಿ ಮುಗಿದದ್ದನ್ನು ನಾನಿನ್ನೂ ಕಂಡಿಲ್ಲ.

2025ರಲ್ಲಿ ಸರ್ಕಾರ ಆದಾಯ ತೆರಿಗೆ ರಿಟರ್ನ್ ಗಡುವನ್ನು ಸೆಪ್ಟೆಂಬರ್ 15ಕ್ಕೆ, ಕೊನೆಗೆ 16ಕ್ಕೆ ಮುಂದೂಡಿತು. ಬರೆದುಕೊಟ್ಟ ದಿನಗಳನ್ನು ನಾವು ಬದಲಿಸಲಿಲ್ಲ. ಆ ಕಡತಗಳಲ್ಲಿ ಹೆಚ್ಚಿನವು ಜುಲೈಯಲ್ಲೇ ಮುಗಿದವು. ದಿನ ಬರೆಸಿಕೊಳ್ಳದವರು ಚೌತಿ ಮುಗಿಸಿ, ಸೆಪ್ಟೆಂಬರ್ ಎರಡನೆಯ ವಾರ ಒಟ್ಟಿಗೇ ಬಂದರು, ಅರ್ಧಕ್ಕರ್ಧ ಜನ ಪಾಸ್‌ಬುಕ್ ಮರೆತು.